ಮೂರನೇ ಕೂಗು

ಇದು ನಡೆದದ್ದು ೨೦೦೭ರಲ್ಲಿ, ಗೌರಿ ಹಬ್ಬ ಕಳೆದು ಎರಡು ವಾರದ ಮೇಲೆ. ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ನಡೆದದ್ದು ನನ್ನ ಚಿಕ್ಕಪ್ಪನ ಮಗ ಅಶ್ವಥನಿಗೆ. ಊರು ಹೊಂಗನೂರು. ಯಾರ ಹೆಸರನ್ನೂ ನಾನು ಬದಲಿಸಿಲ್ಲ.

ಅವತ್ತು ಅವನು ಚನ್ನಪಟ್ಟಣದಿಂದ ಕೊನೆಯ ಬಸ್ಸಿಗೆ ಬಂದಿಳಿದ. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಬಂಡಿದಾರಿ. ಎರಡು ಕಡೆ ಹಿಪ್ಪುನೇರಳೆ ತೋಟ. ನಡುವೆ ಚಿಕ್ಕಹನುಮಯ್ಯನವರ ಬಾವಿ. ಅದಕ್ಕೆ ಕಟ್ಟೆಯಿಲ್ಲ. ಸುತ್ತ ಬೋರ್‌ವೆಲ್ ಕೊರೆಸಿದ ಮೇಲೆ ನೀರೂ ಇಲ್ಲ. ಅಂಚಿನ ತನಕ ಪೊದೆ ಬೆಳೆದು, ಗೊತ್ತಿಲ್ಲದವರಿಗೆ ಅಲ್ಲೊಂದು ಬಾವಿ ಇದೆ ಅಂತಲೇ ಕಾಣುತ್ತಿರಲಿಲ್ಲ.

ಬಾವಿ ಹತ್ತಿರ ಬಂದಾಗ ಯಾರೋ ಕರೆದರು.

"ಅಶ್ವಥಾ..."

ಅವನು ನಿಂತ. ಓಗೊಡಲಿಲ್ಲ. ನಮ್ಮ ಅಜ್ಜಿ ದೊಡ್ಡಲಕ್ಷ್ಮಮ್ಮ ನಮಗೆಲ್ಲ ಕಲಿಸಿದ್ದು ಅದನ್ನೇ. ಕತ್ತಲಲ್ಲಿ ಹೆಸರು ಹಿಡಿದು ಕರೆದರೆ ಮೂರನೇ ಕೂಗಿನ ತನಕ ಓ ಅನ್ನಬಾರದು. ಗಾಳಿ ಎರಡು ಸಲ ಕರೆಯುತ್ತೆ. ಮೂರನೇ ಸಲ ಕರೆಯುವ ಶಕ್ತಿ ಅದಕ್ಕಿಲ್ಲ. ಮೂರು ಸಲ ಕರೆದರೆ ಅದು ಮನುಷ್ಯ.

"ಅಶ್ವಥಾ..."

ಎರಡನೆಯದು ಮೊದಲಿನದಕ್ಕಿಂತ ಸಣ್ಣಗಿತ್ತು. ಗಂಟಲಲ್ಲಿ ಮಣ್ಣು ಸಿಕ್ಕಿಕೊಂಡ ಹಾಗೆ. ಒಂದು ಕಲ್ಲು ಜಾರಿ ಎಲ್ಲೋ ಕೆಳಗೆ ಟಣ್ ಅಂತ ತಗಡಿಗೆ ಬಡಿಯಿತು. ಜೀರುಂಡೆಗಳು ನಿಂತವು... ಮತ್ತೆ ಶುರುವಾದವು.

ಅಶ್ವಥ್ ಕಾದ. ಮೂರನೆಯದು ಬರಲಿಲ್ಲ. ಹಾಗಾದರೆ ಗಾಳಿಯೇ ಅಂದುಕೊಂಡ. ಹಿಂದೆ ತಿರುಗದೆ ಮನೆಗೆ ಹೋಗಿ, ಉಂಡು ಮಲಗಿದ.

ಮುಂದೆ ಹೇಳುವ ಮೊದಲು ಅವನ ಕೆಲಸದ ಬಗ್ಗೆ ಹೇಳಬೇಕು.

ಆಗ ಹೈವೇ ಪಕ್ಕ ಕಾರ್ಖಾನೆಗಳು ಏಳುತ್ತಿದ್ದವು. ಗಾರ್ಮೆಂಟ್ಸ್, ಕಾರಿನ ಬಿಡಿಭಾಗ, ಪ್ಲಾಸ್ಟಿಕ್. ಗೇಟಿನಲ್ಲಿ ಕೆಲಸಗಾರರು ಹೆಬ್ಬೆಟ್ಟು ಒತ್ತಿ ಒಳಗೆ ಹೋಗಬೇಕು. ಆ ಹೆಬ್ಬೆಟ್ಟುಗಳನ್ನು ನೋಡಿ ಹೌದು, ಅಲ್ಲ ಎಂದು ಉತ್ತರ ಕಳಿಸುವ ಕೆಲಸವನ್ನು ಒಂದು ಸಣ್ಣ ಕಂಪನಿ ವಹಿಸಿಕೊಂಡಿತ್ತು. ಪಾಳಿ ಬದಲಾಗುವಾಗ ಸಾವಿರಾರು ಜನ ಒಟ್ಟಿಗೆ ಒತ್ತುತ್ತಾರೆ. ಒಂದೇ ಸರ್ವರ್ ಇದ್ದರೆ ಉಸಿರುಗಟ್ಟಿ ಬೀಳುತ್ತೆ. ಉತ್ತರ ತಡವಾದರೆ ಗೇಟು ತೆರೆಯುವುದಿಲ್ಲ, ಹೊರಗೆ ನಿಂತವರಿಗೆ ಅರ್ಧ ದಿನದ ಕೂಲಿ ಹೋಗುತ್ತೆ. ಅದಕ್ಕೆ ನಾಲ್ಕು ಸರ್ವರ್‌ಗಳನ್ನು ಒಂದು ಗುಂಪು ಮಾಡಿ, ಮುಂದೆ ಒಂದು ಬ್ಯಾಲೆನ್ಸರ್ ಕೂರಿಸಬೇಕಿತ್ತು. ರೇಷ್ಮೆ ಬಿಚ್ಚುವ ಕಡೆ ಯಾರ ಬೇಸಿನ್ನಿನಲ್ಲಿ ಗೂಡು ಕಮ್ಮಿಯಾಗಿದೆಯೋ ನೋಡಿ ಅವರ ಮುಂದೆ ಬುಟ್ಟಿ ಸುರಿಯುತ್ತಾರಲ್ಲ, ಬ್ಯಾಲೆನ್ಸರ್ ಮಾಡುವುದೂ ಅಷ್ಟೇ. ಯಾವ ಸರ್ವರ್ ಬಿಡುವಾಗಿದೆ, ಯಾವುದು ಬೇಗ ಉತ್ತರ ಕೊಡುತ್ತಿದೆ ಎಂದು ಆಗಾಗ ನೋಡಿ, ಅದಕ್ಕೆ ಹೆಚ್ಚು ಕೆಲಸ ಕೊಡುತ್ತೆ.

ಅದನ್ನು ಕಟ್ಟಿದವರು ಇಬ್ಬರು. ಅಶ್ವಥ್, ಮತ್ತು ದೊಡ್ಡಮಳೂರಿನ ದೀಪು. ಇಬ್ಬರೂ ಒಂದೇ ಕಾಲೇಜು. ಸರ್ವರ್‌ಗಳಿಗೆ ಏನಾದರೂ ಹೆಸರಿಡಬೇಕಿತ್ತು. ಇವರು ಮನುಷ್ಯರ ಹೆಸರನ್ನೇ ಇಟ್ಟರು. ಒಂದು ಅಶ್ವಥ್, ಒಂದು ದೀಪು. ಮೂರನೆಯದಕ್ಕೆ ಮುಂದಿನ ಮೇಜಿನ ಹುಡುಗಿ ಭಾನುಪ್ರಿಯಳ ಹೆಸರು. ನಾಲ್ಕನೆಯದು ಹಳೆಯದು, ಅದಕ್ಕೆ ಕಾವಲುಗಾರ ಬೋರಲಿಂಗಯ್ಯನವರ ಹೆಸರು.

"ನಿಂದು ನಿನ್ನಂಗೇ ಸೋಮಾರಿ ಕಣ್ಲಾ," ಎಂದು ದೀಪು ಆಡಿಕೊಳ್ಳುತ್ತಿದ್ದ. "ನನ್ದು ನೋಡು. ನಾ ಸತ್ರೂ ದುಡೀತಾ ಇರ್ತೈತೆ."

ಬ್ಯಾಲೆನ್ಸರ್ ಪ್ರತಿ ಸರ್ವರನ್ನೂ ಸ್ವಲ್ಪ ಸ್ವಲ್ಪ ಹೊತ್ತಿಗೆ ಕರೆಯುತ್ತಿರುತ್ತೆ. ಇದ್ದೀಯಾ? ಇದ್ದೀನಿ. ಉತ್ತರ ಬರದಿದ್ದರೆ ಅದನ್ನು ಸತ್ತಿತೆಂದು ಗುಂಪಿನಿಂದ ತೆಗೆದು, ಅದರ ಪಾಲನ್ನು ಉಳಿದವಕ್ಕೆ ಹಂಚುತ್ತೆ. ಎಷ್ಟು ಸಲ ಕರೆದು ಸುಮ್ಮನಾಗಬೇಕು ಎಂಬುದನ್ನು ಕಟ್ಟಿದವರೇ ಬರೆಯಬೇಕು. ಒಂದು ಸಾಕು ಎಂದ ದೀಪು. ಅಶ್ವಥ್ ಅಜ್ಜಿಯ ಮಾತು ಹೇಳಿ ಮೂರು ಎಂದು ಬರೆದ. ಇಬ್ಬರೂ ನಕ್ಕರು.

ನಗು ಅಲ್ಲಿಗೆ ಮುಗಿಯಿತು. ಮ್ಯಾನೇಜರ್ ಪ್ರಕಾಶ್, ದೀಪಾವಳಿ ಹೊತ್ತಿಗೆ ಇಬ್ಬರಲ್ಲಿ ಒಬ್ಬನನ್ನೇ ಖಾಯಂ ಮಾಡುವುದಾಗಿ ಹೇಳಿದ. ಯಾರ ಪಾಳಿಯಲ್ಲಿ ಗೇಟು ನಿಲ್ಲುವುದಿಲ್ಲವೋ ಅವನನ್ನು.

ನಾನು ಮೊದಲು ಹೇಳಿದ ಆ ದಿನ ರಾತ್ರಿಪಾಳಿ ದೀಪುವಿನದು. ಹೊರಡುವ ಮೊದಲು ಅಶ್ವಥ್ ಒಂದು ಕೆಲಸ ಮಾಡಿದ. ತನ್ನ ಹೆಸರಿನ ಸರ್ವರ್ ಯಾವಾಗಲೂ "ಬಿಡುವಿಲ್ಲ" ಎಂದೇ ಹೇಳುವ ಹಾಗೆ ತಿದ್ದಿದ. ಅದು ಕೆಟ್ಟಿರಲಿಲ್ಲ. ಸುಳ್ಳು ಹೇಳುತ್ತಿತ್ತು, ಅಷ್ಟೇ. ಅದರ ಪಾಲು ಹೆಚ್ಚಾಗಿ ದೀಪು ಹೆಸರಿನದಕ್ಕೆ ಬಿತ್ತು. ಕಾರ್ಖಾನೆಗಳ ರಾತ್ರಿಪಾಳಿಯವರು ಒಳಗೆ ಹೋಗುವಾಗ ಅದು ಉಸಿರುಗಟ್ಟಿ ಬಿತ್ತು. ಆಮೇಲೆ ಭಾನುಪ್ರಿಯ. ಆಮೇಲೆ ಬೋರಲಿಂಗಯ್ಯ. ಗೇಟುಗಳು ನಿಂತವು.

ದೀಪುವಿಗೆ ಕಾರಣ ಸಿಗಲಿಲ್ಲ. ಅಶ್ವಥನಿಗೆ ಫೋನ್ ಮಾಡಿದ. ಅಶ್ವಥ್ ಬೇಕೆಂದೇ ಆಫ್ ಮಾಡಿಟ್ಟುಕೊಂಡಿದ್ದ. ಕೊನೆಗೆ ದೀಪು ಬೈಕ್ ಹತ್ತಿ, ಅವನನ್ನು ಕರೆತರಲು ಹೊಂಗನೂರಿಗೆ ಹೊರಟ. ಅಶ್ವಥ್ ಆಗಿನ್ನೂ ಚನ್ನಪಟ್ಟಣದಲ್ಲಿ ಹೋಟೆಲಿನಲ್ಲಿ ಕೂತು ಬಸ್ಸು ಕಾಯುತ್ತಿದ್ದ. ದೀಪುವಿಗೆ ಆ ಬಂಡಿದಾರಿ ಹೊಸದು.

ಬೆಳಿಗ್ಗೆ ದನ ಹೊಡೆದುಕೊಂಡು ಹೋದವರು ಬಾವಿಯಲ್ಲಿ ಅವನನ್ನು ನೋಡಿದರು. ಮೇಲೆ ಬೈಕ್ ಬಿದ್ದಿತ್ತು. ಕಾಲೆರಡೂ ಮುರಿದಿದ್ದವು. ಬೆಳಗಿನ ಜಾವದ ತನಕ ಜೀವ ಇದ್ದಿರಬೇಕು ಎಂದರು ಡಾಕ್ಟರು.

ಅಶ್ವಥ್ ಗುಂಪಿನಲ್ಲಿ ನಿಂತು ನೋಡಿದ. ಕೂಗಿನ ವಿಷಯ ಯಾರಿಗೂ ಹೇಳಲಿಲ್ಲ. ದೀಪುವಿನ ತಾಯಿ ವರಲಕ್ಷ್ಮಮ್ಮ ಅವನ ಕೈ ಹಿಡಿದುಕೊಂಡರು.

"ನೀನು ಅದೇ ದಾರೀಲಿ ಬಂದ್ಯಲ್ಲಪ್ಪ... ನನ್ ಮಗ ಕೂಗಿದ್ದು ಕೇಳ್ನಿಲ್ವಾ?"

"ಇಲ್ಲ ಕಣವ್ವ," ಎಂದ.

ಅದೇ ವಾರ ಪ್ರಕಾಶ್ ಅವನನ್ನು ಖಾಯಂ ಮಾಡಿದ. ಒಬ್ಬ ಹೋದ ಅಂತ ಗೇಟು ಮುಚ್ಚೋಕಾಗಲ್ಲ, ಅವನ ಲೋಡೂ ನೀನೇ ತಗೋ ಎಂದ. ಅಶ್ವಥ್ ತಗೊಂಡ. ತನ್ನ ಸರ್ವರಿನ ಸುಳ್ಳನ್ನು ಗುಟ್ಟಾಗಿ ಸರಿಮಾಡಿದ. ಸ್ಕ್ರೀನಿನ ಮೇಲೆ ದೀಪು ಎಂಬ ಹೆಸರು ನೋಡಲಾಗದೆ, ಆ ಸರ್ವರಿನ ಪವರ್ ಕೇಬಲ್ ಕಿತ್ತು ಸುತ್ತಿ, ಅದರ ತಲೆಯ ಮೇಲೇ ಇಟ್ಟ. ಫ್ಯಾನ್ ಸುಂಯ್ ಎಂದು ಇಳಿಯುತ್ತಾ ನಿಂತಿತು. ಬ್ಯಾಲೆನ್ಸರ್ ಮೂರು ಸಲ ಕರೆಯಿತು. ಸ್ಕ್ರೀನಿನಲ್ಲಿ ಹಸಿರಿದ್ದ ದೀಪು ಹೆಸರು ಕೆಂಪಾಯಿತು.

ಒಂದು ವಾರ ಏನೂ ಆಗಲಿಲ್ಲ.

ಆಮೇಲೊಂದು ರಾತ್ರಿ ಬೋರಲಿಂಗಯ್ಯ ಬಂದು ಅವನ ಭುಜ ಮುಟ್ಟಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಬಣ್ಣ ಗೊತ್ತಾಗುತ್ತಿತ್ತು. ಕೆಂಪಾದರೆ ಎಬ್ಬಿಸಬೇಕು ಎಂದು ಹೇಳಿಕೊಟ್ಟಿದ್ದರು.

"ಕೆಂಪಾಯ್ತಾ?" ಎಂದ ಅಶ್ವಥ್.

"ಇಲ್ಲ ಕಣಪ್ಪ," ಎಂದರು ಮೆಲ್ಲಗೆ. "ಕೆಂಪಿದ್ದದ್ದು ಹಸ್ರಾಗೈತೆ."

ದೀಪು ಹಸಿರಾಗಿತ್ತು. ಅಶ್ವಥ್ ಎದ್ದು ಒಳಗೆ ಹೋದ. ಕೇಬಲ್ ಸುತ್ತಿದ ಹಾಗೇ ಇತ್ತು. ಸರ್ವರಿನ ಬೆನ್ನಿಗೆ ಕೈಯಿಟ್ಟ. ತಣ್ಣಗಿತ್ತು. ಕಿವಿಯಿಟ್ಟ. ಫ್ಯಾನಿನ ಸದ್ದಿಲ್ಲ. ಒಳಗೆ ಎಲ್ಲೋ, ಬಹಳ ಆಳದಲ್ಲಿ, ಕಲ್ಲು ಜಾರಿದ ಹಾಗೆ ಒಂದು ಸದ್ದು... ಕರ್ರ್... ಟಣ್.

ಕೈ ತೆಗೆದ.

ಸ್ಕ್ರೀನಿನಲ್ಲಿ ಅದು ಕೆಲಸ ಮಾಡುತ್ತಿತ್ತು. ಉಳಿದ ಮೂರಕ್ಕಿಂತ ಬೇಗ ಉತ್ತರ ಕೊಡುತ್ತಿತ್ತು. ಬೇಗ ಕೊಟ್ಟಿದ್ದಕ್ಕೆ ಬ್ಯಾಲೆನ್ಸರ್ ಇನ್ನೂ ಹೆಚ್ಚು ಕೊಟ್ಟಿತು. ಬೆಳಗಿನ ಪಾಳಿಗೆ ಎಲ್ಲ ಗೇಟಿನ ಎಲ್ಲ ಹೆಬ್ಬೆಟ್ಟೂ ದೀಪುವಿನ ಮೇಲೇ ಹೋಯಿತು. ಒಂದೂ ತಪ್ಪಲಿಲ್ಲ. ಒಬ್ಬರ ಕೂಲಿಯೂ ಹೋಗಲಿಲ್ಲ. ಪ್ರಕಾಶನಿಗೆ ಕೇಬಲ್ ತೋರಿಸಿದರೆ ಅವನು ಸ್ಕ್ರೀನ್ ಮಾತ್ರ ನೋಡಿದ. ಚೆನ್ನಾಗಿ ಓಡ್ತಿದೆಯಲ್ಲ, ಮುಟ್ಟಬೇಡ ಎಂದ.

ಆಗ ಅಶ್ವಥ್ ಇನ್ನೊಂದನ್ನು ನೋಡಿದ. ಅವನದೇ ಹೆಸರಿನ ಸರ್ವರ್ ಚೆನ್ನಾಗಿತ್ತು. ಕರೆಂಟಿತ್ತು, ಬಿಡುವಿತ್ತು. ಆದರೂ ಬ್ಯಾಲೆನ್ಸರ್ ಕರೆದಾಗ ಉತ್ತರ ಕೊಡುತ್ತಿರಲಿಲ್ಲ. ಮೊದಲ ಕರೆ... ಉತ್ತರವಿಲ್ಲ. ಎರಡನೇ ಕರೆ... ಉತ್ತರವಿಲ್ಲ. ಮೂರನೆಯದಕ್ಕೆ ಮಾತ್ರ. ರಾತ್ರಿಯಿಡೀ ಹಾಗೇ. ಬಿಚ್ಚಿ ಜೋಡಿಸಿದ. ಹೊಸದಾಗಿ ಎಲ್ಲ ತುಂಬಿದ. ಹಾಗೇ. ನಾನು ಬಿ.ಎಸ್ಸಿ. ಓದಿದವನು. ಅವನು ಆಗ ನನ್ನನ್ನು ಫೋನಿನಲ್ಲಿ ಕೇಳಿದ. ನೆಟ್‌ವರ್ಕ್ ಕೇಬಲ್ ಬದಲಿಸು ಎಂದೆ. ಬದಲಿಸಿದ. ಹಾಗೇ.

ಅವನು ರಾತ್ರಿಪಾಳಿ ಬೇಡವೆಂದು ಸಂಜೆಯದು ಕೇಳಿ ತೆಗೆದುಕೊಂಡ. ಅಂದರೆ ಮತ್ತೆ ಕೊನೆಯ ಬಸ್ಸು. ಮತ್ತೆ ಅದೇ ದಾರಿ. ಮೊದಲ ದಿನವೇ ಜೊತೆಗೆ ಯಾರೂ ಇಳಿಯಲಿಲ್ಲ.

ಊರವರು ಬಾವಿ ಸುತ್ತ ಜಾಲಿಮುಳ್ಳು ಹಾಕಿದ್ದರು. ಅವನು ದಾರಿಯ ಆಚೆ ಅಂಚಿನಲ್ಲೇ ನಡೆದ. ಚಪ್ಪಲಿ ಸದ್ದಾಗಬಾರದೆಂದು ಕೈಯಲ್ಲಿ ಹಿಡಿದುಕೊಂಡ.

"ಅಶ್ವಥಾ..."

ಜೀರುಂಡೆಗಳು ನಿಂತವು.

"ಅಶ್ವಥಾ..."

ಓಡಬೇಕೆಂದುಕೊಂಡ. ಆದರೂ ನಿಂತ. ಎರಡು ಆಯಿತು, ಇನ್ನು ಬರಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಜೀರುಂಡೆಗಳು ಮತ್ತೆ ಶುರುವಾಗಲಿಲ್ಲ. ಮುಳ್ಳಿನ ಕೆಳಗಿಂದ ಯಾರೋ ನೋವಿನಲ್ಲಿ ಉಸಿರೆಳೆದುಕೊಂಡರು. ಉದ್ದಕ್ಕೆ. ಶಕ್ತಿ ಕೂಡಿಸಿಕೊಳ್ಳುವ ಹಾಗೆ...

"ಅಶ್ವಥಾ..."

ಮೂರನೆಯದು ಬಂತು.

ಮೂರು ಸಲ ಕರೆದರೆ ಮನುಷ್ಯ ಎಂದಿದ್ದಳು ಅಜ್ಜಿ. ಓ ಅನ್ನಲೇಬೇಕು. ಮೂರಕ್ಕೂ ಉತ್ತರ ಬರದಿದ್ದರೆ ಸತ್ತ ಹಾಗೆ ಎಂದು ಅವನೇ ಬರೆದಿದ್ದ. ಎರಡೂ ಒಟ್ಟಿಗೆ ನೆನಪಾಯಿತಂತೆ.

"ಓ," ಎಂದ.

ಆಮೇಲೆ ದೀಪುವಿನ ದನಿ, ಮೆಲ್ಲಗೆ, ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದ ಹಾಗೆ.

"ಇದ್ದೀಯಾ?"

"ಇದ್ದೀನಿ."

"ಅವತ್ತೂ ಇದ್ದೆ ನೀನು."

ಅಶ್ವಥ್ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟ.

"ಕರೀತಾ ಇರ್ತೀನಿ ಕಣ್ಲಾ. ಓ ಅಂತಿರು."

"ಅನ್ನಕ್ಕಾಗ್ದೆ ಹೋದ್ರೆ?"

"ನೀನೇ ಬರ್ದಿದ್ದೀಯಲ್ಲ," ಎಂದಿತು ದನಿ. "ಮೂರು."

ಬೆಳಿಗ್ಗೆ ಅವನ ತಾಯಿ ಮುನಿಯಮ್ಮ, ನನ್ನ ಚಿಕ್ಕಮ್ಮ, ಹುಡುಕಿಕೊಂಡು ಹೋದಳು. ಮುಳ್ಳಿನ ಮುಂದೆ ಕಾಲು ಮಡಚಿ ಕೂತಿದ್ದ. ಆಗಾಗ ಓ ಅನ್ನುತ್ತಿದ್ದ, ದನಿ ಒಡೆದುಹೋಗಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಸೂರ್ಯ ಮೇಲೆ ಬಂದ ಮೇಲೆ ಸುಮ್ಮನಾದ. ಕತ್ತಲಾದ ಕೂಡಲೇ ಮನೆಯೊಳಗೆ ಮತ್ತೆ ಶುರುಮಾಡಿದ.

ಅವನು ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಯಾವ ಕೆಲಸಕ್ಕೂ ಹೋಗಲಿಲ್ಲ. ಹಗಲು ನಿದ್ದೆ ಮಾಡುತ್ತಾನೆ, ಕೇಳಿದರೆ ಸರಿಯಾಗೇ ಮಾತಾಡುತ್ತಾನೆ. ನಾನು ಇಲ್ಲಿ ಬರೆದದ್ದನ್ನೆಲ್ಲ ಹೇಳಿದ್ದು ಅವನೇ. ಬೋರಲಿಂಗಯ್ಯನವರನ್ನೂ ಕೇಳಿದೆ. ಕಂಪನಿ ಬಿಟ್ಟು ವಿರೂಪಾಕ್ಷಿಪುರದಲ್ಲಿ ಮಗಳ ಮನೆಯಲ್ಲಿದ್ದರು. ಅವರು ಹೇಳಿದ್ದೂ ಇದಕ್ಕೆ ಸರಿಹೊಂದುತ್ತೆ. ವರಲಕ್ಷ್ಮಮ್ಮನವರಿಗೆ ನಿಜ ಹೇಳಿಬಂದರೆ ನಿಲ್ಲಬಹುದು ಎಂದು ಅವನನ್ನು ದೊಡ್ಡಮಳೂರಿಗೆ ಕರೆದುಕೊಂಡು ಹೋದೆವು. ಹೇಳಿದ. ಆಯಮ್ಮ ಪೂರ್ತಿ ಕೇಳಿಸಿಕೊಂಡು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತು ರಾತ್ರಿಯೂ ನಿಲ್ಲಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನಿದ್ದೆಯ ಇಂಜೆಕ್ಷನ್ ಕೊಟ್ಟರು. ನಿದ್ದೆ ಬಂತು. ನಿದ್ದೆಯಲ್ಲೂ ಓ ಅನ್ನುತ್ತಿದ್ದ. ಊರಿಗೆ ಕರೆತಂದ ಮೇಲೆ, ಬಾಯಿಗೆ ಬಟ್ಟೆ ಕಟ್ಟಿ ನೋಡೋಣ ಎಂದು ಯಾರೋ ನೆಂಟರು ಹೇಳಿ, ಕಟ್ಟಿಯೂ ಬಿಟ್ಟರಂತೆ. ಎರಡು ಸಲ ಅನ್ನಲು ಆಗಲಿಲ್ಲ. ಅಷ್ಟರಲ್ಲಿ ತುಟಿ ನೀಲಿಯಾಗಿ, ಮೂಗಿನ ಉಸಿರು ನಿಂತಿತ್ತು. ಚಿಕ್ಕಮ್ಮ ಬಟ್ಟೆ ಕಿತ್ತೆಸೆದು ಅವರನ್ನು ಮನೆಯಿಂದ ಅಟ್ಟಿದಳು. ಈಗ ರಾತ್ರಿ ಊಟ ಅವಳೇ ಮಾಡಿಸುತ್ತಾಳೆ. ಒಂದು ಓ ಆದ ಮೇಲೆ ತುತ್ತಿಡುತ್ತಾಳೆ, ಇನ್ನೊಂದು ಬರುವುದರೊಳಗೆ ನುಂಗಿಸುತ್ತಾಳೆ. ಮುದ್ದೆ ಗಂಟಲಲ್ಲಿ ನಿಂತೀತೆಂದು ಗಂಜಿ ಮಾಡಿದ್ದಾಳೆ. "ಒಸಿ ಬೇಗ ನುಂಗು ಮಗ," ಅನ್ನುತ್ತಾಳೆ, ಅಷ್ಟೇ.

ನಾನು ನಂಬಿರಲಿಲ್ಲ. ಅದಕ್ಕೇ ಒಂದು ರಾತ್ರಿ ಅವನ ಪಕ್ಕ ಚಾಪೆ ಹಾಕಿಕೊಂಡು ಎದ್ದೇ ಕೂತೆ. ಕಿಟಕಿ ತೆಗೆದಿಟ್ಟೆ. ಹೊರಗಿಂದ ಯಾರೂ ಕರೆಯಲಿಲ್ಲ. ನನ್ನ ಕಿವಿ ಚೆನ್ನಾಗಿದೆ. ನಾಯಿ, ಜೀರುಂಡೆ, ಹೈವೇ ಕಡೆಯ ಲಾರಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವನು ಮಾತ್ರ ಪ್ರತಿ ಸಲವೂ ಕತ್ತನ್ನು ಬಾವಿಯ ಕಡೆ ಸ್ವಲ್ಪ ತಿರುಗಿಸಿ, ಒಂದು ಕ್ಷಣ ಕೇಳಿಸಿಕೊಂಡು, ಆಮೇಲೆ ಓ ಅನ್ನುತ್ತಿದ್ದ.

ಇದು ನಡೆದದ್ದು. ದೀಪ ಹಚ್ಚಿದಾಗಿನಿಂದ ಕೋಳಿ ಕೂಗುವ ತನಕ ನಾನೇ ಎಣಿಸಿದ್ದೇನೆ. ನಾಲ್ಕುನೂರ ಹನ್ನೊಂದು.