ಸಾಫ್ಟ್‌ವೇರು ಮುಚ್ಚಿಸಿದ ಹೆರಿಗೆ ವಾರ್ಡು

ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಅಂಕಿಅಂಶ ಇಲಾಖೆಯ ಅಧಿಕಾರಿಯೊಬ್ಬರು ಕೂತಿದ್ದರು. ಒಳಗೆ ಅವರ ಮಗಳಿಗೆ ನೋವು ಶುರುವಾಗಿತ್ತು. ನರ್ಸಮ್ಮ ಬಂದು ಎದುರು ನಿಂತರು.

“ಈ ವಾರ್ಡು ಮುಚ್ಚಿ ಅಂತ ವರದಿ ಕೊಟ್ಟೋರು ನೀವೇ ಅಲ್ವಾ ಸಾರ್?”

“ನಾನಲ್ಲಮ್ಮ, ಸಾಫ್ಟ್‌ವೇರು. ಇಲ್ಲಿ ಇನ್ನು ಮಕ್ಕಳು ಹುಟ್ಟೋದಿಲ್ಲ ಅಂತಿದೆ.”

“ಇವತ್ತೇ ಒಂಬತ್ತು ಹೆರಿಗೆ ಆಯ್ತು. ಮಂಚ ಸಾಲದೆ ನಿಮ್ಮ ಮಗಳನ್ನ ಸ್ಟ್ರೆಚರ್ ಮೇಲೆ ಮಲಗಿಸಿದೀವಿ.”

“ಅದೆಲ್ಲ ತಾತ್ಕಾಲಿಕ ಏರಿಳಿತ.”

“ಮುಚ್ಚಿದ್ರೆ ಈ ಹೆಂಗಸರು ಎಲ್ಲಿಗೆ ಹೋಗ್ಬೇಕು?”

“ಲೆಕ್ಕದಲ್ಲಿ ಅವರು ಇಲ್ವೇ ಇಲ್ಲಮ್ಮ, ಅದಕ್ಕೇ ಮುಚ್ಚೋದು.”

ಅಷ್ಟರಲ್ಲಿ ಮಗುವಿನ ಅಳು ಕೇಳಿತು. ನರ್ಸಮ್ಮ ಒಳಗೆ ಇಣುಕಿ ತಿರುಗಿದರು.

“ಮೊಮ್ಮಗಳು ಹುಟ್ಟಿದ್ಲು ಸಾರ್. ಇವಳನ್ನ ಏನಂತ ಬರ್ಕೊಳ್ಳಲಿ?”

“ಈ ವರ್ಷದ ವರದಿ ಕಳಿಸಾಯ್ತಲ್ಲಮ್ಮ, ಮುಂದಿನ ವರ್ಷ ಹುಟ್ಟಿದ್ಲು ಅಂತ ಬರ್ಕೊಂಡ್ಬಿಡಿ” ಎನ್ನುತ್ತಾ ಅವರು ಚಪ್ಪಲಿ ಬಿಟ್ಟು ಒಳಗೆ ಓಡಿದರು.