ಗೋಧಿ ತೆನೆಯ ಕಲ್ಲು

ಹಳ್ಳಿಯ ಚರ್ಚಿನ ಎದುರು ವಿಬೋರ್ಗ್ ಪಟ್ಟಣದ ಬಸ್ಸಿಗೆ ಕಾಯುತ್ತಿದ್ದ ಅಸ್ಗರ್‌ನ ಪಕ್ಕದಲ್ಲೇ ವಯಸ್ಸಾದ ಅಕ್ಕತಂಗಿಯರಿಬ್ಬರು ಬಂದು ಕೂತರು.

"ಅಪ್ಪನ ಗೋರಿಕಲ್ಲು ಕೀಳಲ್ವಂತೆ ಅಕ್ಕ."

"ಗೋರಿ ಜಾಗದ ಬಾಡಿಗೆ ಅವಧಿ ಮುಗೀತಲ್ಲೇ, ಮುಗಿದ್ಮೇಲೆ ಕಲ್ಲು ಕೀಳ್ಬೇಕಲ್ವಾ. ಇಷ್ಟು ವರ್ಷ ಅದಕ್ಕೇ ಕಾಯ್ತಿದ್ದೆ."

"ಅದರ ಮೇಲಿರೋ ಗೋಧಿ ತೆನೆ ಥರ ಕೆತ್ತೋರು ಈಗಿಲ್ವಂತೆ. ಚರಿತ್ರೆಯಂತೆ, ಉಳಿಸ್ಬೇಕಂತೆ."

"ನಮ್ಮ ಬೆನ್ನ ಮೇಲೆ ಬೆಲ್ಟಲ್ಲಿ ಕೆತ್ತಿದ್ನಲ್ಲ, ಅದನ್ನೂ ಉಳಿಸ್ತಾರಾ?"

"ಮೆಲ್ಲಗೆ ಮಾತಾಡು. ಜನ ಇದ್ದಾರೆ."

ಅಸ್ಗರ್ ರಸ್ತೆಯ ಕಡೆ ಮುಖ ತಿರುಗಿಸಿದ. ಆ ತೆನೆಗಳ ಸಂದಿಯ ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದು, ಕಲ್ಲನ್ನು ಉಳಿಸಲೇಬೇಕೆಂದು ಚರ್ಚಿನ ಸ್ಮಶಾನ ಸಮಿತಿಯಲ್ಲಿ ವಾದಿಸಿದವನು ಅವನೇ.

"ಅಮ್ಮನ ಕಲ್ಲು?" ಅಕ್ಕ ಕೇಳಿದಳು.

"ಬರೀ ಹೆಸರಿರೋ ಕಲ್ಲು, ಯಾರಿಗೆ ಬೇಕು. ಪುಡಿ ಮಾಡಿ ದಾರಿಗೆ ಹಾಕ್ತಾರಂತೆ."

"ಯಾವ ದಾರಿಗೆ?"

"ಅಪ್ಪನ ಕಲ್ಲಿನ ಹತ್ರ ಹೋಗೋದಕ್ಕೆ. ನೋಡೋಕೆ ಬರೋರ ಕಾಲು ಕೆಸರಾಗಬಾರ್ದಲ್ಲ."

"ಅವನ ಪಕ್ಕ ಬೇಡ ಅಂತ ಬೇಡ್ಕೊಂಡು ಆಚೆ ಗೋಡೆ ಹತ್ರ ಮಲಗಿದ್ಳು ಕಣೇ."

ಬಸ್ಸು ಬಂತು. ಅಕ್ಕ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಬದುಕಿದ್ದಾಗ್ಲೂ ಅವಳದು ಅದೇ ಕೆಲಸ. ಅವನ ಬೂಟಿಗೆ ಕೆಸರಾಗದ ಹಾಗೆ ನೋಡ್ಕೊಳ್ಳೋದು."

ಬಸ್ಸು ಹೊರಟಿತು. ಅಸ್ಗರ್ ಹತ್ತಲಿಲ್ಲ.