ಸೊಂಟದ ಅಳತೆ

ಸಂದರ್ಶನದ ಕೋಣೆಯ ಹೊರಗೆ, ನನ್ನ ಪಕ್ಕದಲ್ಲೇ ಒಬ್ಬ ಹುಡುಗಿ ಮತ್ತು ಅವಳ ಸೋದರತ್ತೆ ಕುಳಿತಿದ್ದರು.

"ಹೋದ ಸಲ ಮಾರ್ಕ್ಸ್ ಇದೆ, ಸಾಫ್ಟ್ ಸ್ಕಿಲ್ಸ್ ಇಲ್ಲ ಅಂದ್ಬಿಟ್ರು, ಅತ್ತೆ."

"ಹಾಗಂದ್ರೇನೇ?"

"ಜನರ ಮನಸ್ಸು ಅರಿತು ನಡ್ಕೊಳ್ಳೋದು."

"ಟೈಲರ್ ಮಗಳಿಗೆ ಅದು ಗೊತ್ತಿಲ್ವಂತಾ? ಅಂಗಡೀಲಿ ಅಳತೆ ಬರ್ಕೊಳ್ತಿದ್ದೋಳು ಯಾರು?"

"ನಾನೇ. ತೋಳು, ಭುಜ ಎಲ್ಲ ಅಪ್ಪ ಕೂಗಿ ಹೇಳ್ತಿದ್ರು."

"ಸೊಂಟ?"

"ಅದು ಮಾತ್ರ ಬೆರಳಲ್ಲಿ ತೋರಿಸ್ತಿದ್ರು. ದಪ್ಪಗಿರೋರಿಗೆ ನಾಚಿಕೆ ಆಗ್ಬಾರ್ದು ಅಂತ."

"ಅದಕ್ಕೇ ಊರಿಗೆ ಊರೇ ಅವನ ಹತ್ರ ಬರ್ತಿತ್ತು."

"ಈಗ ಅಂಗಡೀನೂ ಇಲ್ಲ, ಅಪ್ಪಾನೂ ಇಲ್ಲ. ಇದನ್ನ ಒಳಗೆ ಹೇಳ್ಲಾ?"

"ಹೇಳ್ದೆ, ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಬಾಗಿಲು ತೆರೆದು ಅವಳನ್ನು ಕರೆದರು. ಎದ್ದ ಹುಡುಗಿಯ ತೋಳಿನ ಗುಂಡಿ ಬಿಚ್ಚಿಕೊಂಡಿತ್ತು. ಸುತ್ತಲೂ ಜನ. ಅತ್ತೆ ತನ್ನ ಮಣಿಕಟ್ಟನ್ನು ಒಂದು ಬೆರಳಿನಿಂದ ಮುಟ್ಟಿ ತೋರಿಸಿದಳು. ಹುಡುಗಿ ನಕ್ಕು, ಗುಂಡಿ ಹಾಕಿಕೊಂಡು ಒಳಗೆ ಹೋದಳು.